ಬೂದಿನೆಲದ ಹಳೆಯ ಬೇರು: ಸ್ಯಾಂಟೊರಿನಿ ವೈನ್ ನಡೆದು ಬಂದ ದಾರಿ

ಎಲೆ ಉದುರಿದ ಚಳಿಗಾಲದಲ್ಲಿ ಸ್ಯಾಂಟೊರಿನಿಯ ದ್ರಾಕ್ಷಿತೋಟದೊಳಗೆ ನಿಂತರೂ ತೋಟ ಕಣ್ಣಿಗೆ ಬೀಳುವುದಿಲ್ಲ. ಚಪ್ಪರವಿಲ್ಲ, ಕಲ್ಲುಕಂಬವಿಲ್ಲ, ತಂತಿಯಿಲ್ಲ. ಬೂದುಬಣ್ಣದ ನೆಲದ ಮೇಲೆ ಯಾರೋ ಬುಟ್ಟಿಗಳನ್ನು ಇಟ್ಟು ಮರೆತು ಹೋದಂತಿರುತ್ತದೆ. ಮಂಡಿಯೂರಿ ನೋಡಿದರೆ ಆ ಬುಟ್ಟಿಯೇ ಬಳ್ಳಿ. ಪ್ರತಿ ಚಳಿಗಾಲ ಚಾಟ್ನಿ ಮಾಡುವಾಗ ರೈತ ಉಳಿಸಿಕೊಂಡ ಕಡ್ಡಿಗಳನ್ನು ಬಾಗಿಸಿ, ಹಿಂದಿನ ವರ್ಷದ ಸುತ್ತಿನ ಮೇಲೆ ಹೆಣೆಯುತ್ತಾನೆ. ಇದಕ್ಕೆ ಅಲ್ಲಿನವರು ‘ಕುಲೂರ’ ಎನ್ನುತ್ತಾರೆ. ಬೇಸಿಗೆಯಲ್ಲಿ ಗೊಂಚಲುಗಳು ಈ ಬುಟ್ಟಿಯೊಳಗೇ ತೂಗುತ್ತವೆ. ಏಜಿಯನ್ ಸಮುದ್ರದ ಬಿರುಗಾಳಿ, ಅದು ಹೊತ್ತು ತರುವ ಮರಳು, ಸುಡುವ ಬಿಸಿಲು, ಮೂರರಿಂದಲೂ ಕಾಯಿಗೆ ಅಲ್ಲೇ ರಕ್ಷಣೆ.

ಗ್ರೀಸಿನ ಈ ಪುಟ್ಟ ದ್ವೀಪದ ವೈನ್ ಕಳೆದ ಮುನ್ನೂರು ವರ್ಷಗಳಲ್ಲಿ ಹಲವು ಸಲ ರೂಪ ಬದಲಿಸಿದೆ. ಕುಡಿಯುವವರು ಬದಲಾದರು, ರುಚಿ ಬದಲಾಯಿತು, ಮಾರುಕಟ್ಟೆ ಬದಲಾಯಿತು. ಬುಟ್ಟಿ ಹೆಣೆಯುವ ಕೈ ಮಾತ್ರ ಬದಲಾಗಲಿಲ್ಲ. ಇವತ್ತಿನ ಕೀರ್ತಿಯೆಲ್ಲ ಆ ಕೈಗೆ ಸಲ್ಲಬೇಕಾದದ್ದು.

ಬೆಂಕಿ ಕೊಟ್ಟ ನೆಲ

ಕ್ರಿ.ಪೂ. 1600ರ ಸುಮಾರಿಗೆ ಇಲ್ಲಿನ ಜ್ವಾಲಾಮುಖಿ ಸಿಡಿದು ದ್ವೀಪದ ನಡುಭಾಗ ಸಮುದ್ರಕ್ಕೆ ಕುಸಿಯಿತು. ಉಳಿದ ನೆಲವನ್ನು ಬೂದಿ ಮತ್ತು ಹಗುರವಾದ ನೊರೆಗಲ್ಲು ಮುಚ್ಚಿತು. ಅದರಡಿ ಹೂತುಹೋದ ಅಕ್ರೋತಿರಿ ಪಟ್ಟಣವನ್ನು 1967ರಿಂದ ಸ್ಪಿರಿಡಾನ್ ಮರಿನಾಟೋಸ್ ಅಗೆದು ತೆಗೆದರು.

ಈ ನೆಲದಲ್ಲಿ ಜೇಡಿಯ ಅಂಶ ತೀರಾ ಕಡಿಮೆ. 19ನೇ ಶತಮಾನದ ಉತ್ತರಾರ್ಧದಲ್ಲಿ ಫಿಲಾಕ್ಸೆರಾ ಎಂಬ ಬೇರುಹೇನು ಯುರೋಪಿನ ತೋಟಗಳನ್ನೆಲ್ಲ ಒಣಗಿಸಿದಾಗ ಸ್ಯಾಂಟೊರಿನಿಯನ್ನು ಉಳಿಸಿದ್ದು ಇದೇ. ಜೇಡಿಯಿಲ್ಲದ ಸಡಿಲು ಮಣ್ಣಿನಲ್ಲಿ ಆ ಕೀಟ ಬದುಕಲಾರದು. ಬೇರೆಡೆಯವರು ಅಮೆರಿಕದ ಬೇರಿಗೆ ಕಸಿ ಕಟ್ಟಿ ತೋಟಗಳನ್ನು ಮತ್ತೆ ಎಬ್ಬಿಸಬೇಕಾಯಿತು. ನಮ್ಮ ದ್ರಾಕ್ಷಿ ಬೆಳೆಗಾರರೂ ಅಮೆರಿಕ ಮೂಲದ ಡಾಗ್‌ರಿಡ್ಜ್ ಬೇರಿಗೆ ಕಸಿ ಕಟ್ಟುತ್ತಾರೆ. ನಮ್ಮಲ್ಲಿ ಅದು ಬರ ಮತ್ತು ಸವಳು ತಾಳಿಕೊಳ್ಳಲು. ಸ್ಯಾಂಟೊರಿನಿಯ ಬಳ್ಳಿ ಮಾತ್ರ ಇಂದಿಗೂ ಸ್ವಂತ ಬೇರಿನ ಮೇಲೆ ನಿಂತಿದೆ. ಎಪ್ಪತ್ತು-ಎಂಬತ್ತು ವರ್ಷವಾಗಿ ಫಸಲು ಇಳಿದಾಗ ರೈತ ಬುಟ್ಟಿಯನ್ನು ಬುಡದಲ್ಲಿ ಕತ್ತರಿಸುತ್ತಾನೆ. ಅದೇ ಬೇರಿನಿಂದ ಹೊಸ ಚಿಗುರು ಬರುತ್ತದೆ, ಹೊಸ ಬುಟ್ಟಿ ಶುರುವಾಗುತ್ತದೆ. ಹೀಗೆ ಶತಮಾನಗಳನ್ನು ದಾಟಿದ ಬೇರುಗಳು ಅಲ್ಲಿವೆ. ಮಳೆ ವರ್ಷಕ್ಕೆ 400 ಮಿ.ಮೀ.ಗೂ ಕಡಿಮೆ. ರಾತ್ರಿ ಸಮುದ್ರದಿಂದ ಏರಿಬರುವ ಮಂಜಿನ ತೇವವನ್ನು ನೊರೆಗಲ್ಲು ಹೀರಿಟ್ಟುಕೊಂಡು ಬಳ್ಳಿಗೆ ಉಣಿಸುತ್ತದೆ.

ಚರ್ಚಿನ ಸಿಹಿಯಿಂದ ಒಣ ಬಿಳಿಗೆ

ದ್ವೀಪದ ಹೆಸರನ್ನು ಮೊದಲು ಹೊರಗೆ ಒಯ್ದದ್ದು ‘ವಿನ್‌ಸಾಂಟೊ’ ಎಂಬ ಸಿಹಿ ವೈನ್. ಕೊಯ್ದ ದ್ರಾಕ್ಷಿಯನ್ನು ಎರಡು ವಾರದಷ್ಟು ಕಾಲ ಬಿಸಿಲಿಗೆ ಹರಡುತ್ತಾರೆ. ಅದು ಬಾಡಿ ಸುಕ್ಕುಗಟ್ಟಿದ ಮೇಲೆ ರಸ ಹಿಂಡಿ, ಹುದುಗಿಸಿ, ವರ್ಷಗಟ್ಟಲೆ ಪೀಪಾಯಿಯಲ್ಲಿ ಇಡುತ್ತಾರೆ. ಒಣ ಅಂಜೂರ, ಕಾಫಿ, ಸುಟ್ಟ ಸಕ್ಕರೆಯ ಘಮವಿರುವ ಈ ವೈನ್ ಹಡಗೇರಿ ರಷ್ಯಕ್ಕೆ ಹೋಗಿ ಅಲ್ಲಿನ ಆರ್ಥೊಡಾಕ್ಸ್ ಚರ್ಚುಗಳ ಪೂಜೆಗೆ ಸಲ್ಲುತ್ತಿತ್ತು. 1917ರ ಕ್ರಾಂತಿ ಆ ಬಾಗಿಲು ಮುಚ್ಚಿತು.

ಮುಂದಿನ ದಶಕಗಳು ಕಷ್ಟದವು. 1947ರಲ್ಲಿ ಬೆಳೆಗಾರರು ಸಹಕಾರಿ ಒಕ್ಕೂಟ ಕಟ್ಟಿಕೊಂಡರು. ಇಂದಿನ ಸ್ಯಾಂಟೊ ವೈನ್ಸ್ ಅದೇ. 1956ರ ಜುಲೈನಲ್ಲಿ ಬಂದ ಭೂಕಂಪ ಊರುಗಳನ್ನು ಕೆಡವಿತು. ಅನೇಕರು ದ್ವೀಪ ಬಿಟ್ಟರು. 1971ರಲ್ಲಿ ಸ್ಯಾಂಟೊರಿನಿ ವೈನಿಗೆ ಮೂಲಸ್ಥಾನದ ಕಾನೂನು ಮಾನ್ಯತೆ ಸಿಕ್ಕಿತಾದರೂ, ಪೀಪಾಯಿಗಳಲ್ಲಿ ಹೊರಬೀಳುತ್ತಿದ್ದ ಗಡುಸು ವೈನಿಗೆ ಹೊರಗೆ ಹೆಚ್ಚಿನ ಬೆಲೆಯಿರಲಿಲ್ಲ.

ತಿರುವು ಬಂದದ್ದು 1980ರ ದಶಕದ ಕೊನೆಗೆ. ಉತ್ತರ ಗ್ರೀಸಿನ ಬುತಾರಿ ಕಂಪನಿ 1989ರಲ್ಲಿ ಮೆಗಲೊಖೋರಿಯಲ್ಲಿ ಆಧುನಿಕ ವೈನರಿ ತೆರೆಯಿತು. ದ್ರಾಕ್ಷಿಯನ್ನು ಕೊಂಚ ಮುಂಚೆ ಕೊಯ್ದು, ಸ್ಟೀಲ್ ಟ್ಯಾಂಕಿನ ತಂಪಿನಲ್ಲಿ ಹುದುಗಿಸಿದಾಗ ಅಸಿರ್ಟಿಕೊ ತಳಿಯ ನಿಜವಾದ ಗುಣ ಹೊರಬಂತು. 1991ರಲ್ಲಿ ಗಣಿತಜ್ಞ ಪಾರಿಸ್ ಸಿಗಾಲಸ್ ವೈನ್ ತಯಾರಿಕೆಗೆ ಇಳಿದರು. 1994ರಲ್ಲಿ ಯಾನಿಸ್ ಪರಸ್ಕೆವೊಪುಲೋಸ್ ಮತ್ತು ಲಿಯಾನ್ ಕರಾತ್ಸಾಲೋಸ್ ‘ಗೈಯಾ’ ಆರಂಭಿಸಿದರು. ಕಡಲತೀರದ ಹಳೆಯ ಟೊಮೆಟೊ ಕಾರ್ಖಾನೆಯೇ ಅದರ ಮನೆ. ಅದೇ ದಶಕದಲ್ಲಿ ಹರಿದಿಮೋಸ್ ಹಟ್ಸಿದಾಕಿಸ್ ತಮ್ಮದೇ ವೈನರಿ ತೆರೆದರು. ಬಹುತೇಕ ಕೈಬಿಟ್ಟುಹೋಗಿದ್ದ ಮಾವ್ರೊಟ್ರಾಗನೊ ಎಂಬ ಕಪ್ಪು ತಳಿಗೆ ಸಿಗಾಲಸ್, ಹಟ್ಸಿದಾಕಿಸ್ ಇಬ್ಬರೂ ಮರುಜೀವ ಕೊಟ್ಟರು.

ತಳಿ ಮತ್ತು ತಟ್ಟೆ

ಬಿಸಿನೆಲದ ದ್ರಾಕ್ಷಿ ಸಾಮಾನ್ಯವಾಗಿ ಮಾಗುತ್ತಾ ಹುಳಿ ಕಳೆದುಕೊಳ್ಳುತ್ತದೆ. ಅಸಿರ್ಟಿಕೊ ಸಕ್ಕರೆ ತುಂಬಿಕೊಂಡ ಮೇಲೂ ಹುಳಿಯನ್ನು ಬಿಟ್ಟುಕೊಡುವುದಿಲ್ಲ. ತಳಿಯ ಸ್ವಭಾವದ ಜೊತೆಗೆ ಮಣ್ಣಿನಲ್ಲಿ ಪೊಟ್ಯಾಶಿಯಂ ಕಡಿಮೆ ಇರುವುದೂ ಇದಕ್ಕೆ ಕಾರಣ. ಹಾಗಾಗಿ ಶೇ 13–14ರಷ್ಟು ಮದ್ಯಸಾರವಿದ್ದೂ ನಾಲಿಗೆಗೆ ನಿಂಬೆಯ ಚುರುಕು, ಕೊನೆಯಲ್ಲಿ ಉಪ್ಪಿನ ಛಾಯೆ. ಜೊತೆಗಾರ ಬಿಳಿ ತಳಿಗಳು ಎರಡು: ಮೃದುವಾದ ಅಥೀರಿ, ಹೂವಿನ ಘಮದ ಐದಾನಿ. ‘ನಿಖ್ತೇರಿ’ ಎಂಬ ವೈನಿನ ಹೆಸರಿನಲ್ಲಿ ರಾತ್ರಿಯೇ ಇದೆ. ಸೆಕೆಗೆ ಹೆದರಿ ಇರುಳಲ್ಲೇ ದ್ರಾಕ್ಷಿ ಹಿಂಡುತ್ತಿದ್ದ ರೂಢಿಯಿಂದ ಬಂದ ಹೆಸರದು.

ಊಟದ ಜೋಡಿಯೂ ಇದೇ ಮಣ್ಣಿನದು. ಕೆಂಡದ ಮೇಲೆ ಸುಟ್ಟ ಅಷ್ಟಪದಿಗೆ ಅಸಿರ್ಟಿಕೊ, ಮೀನಿಗೆ ನಿಂಬೆ ಹಿಂಡಿದಷ್ಟೇ ಸಹಜ. ದ್ವೀಪದ ಪುಟ್ಟ ಟೊಮೆಟೊಗಳನ್ನು ಪುದೀನದೊಂದಿಗೆ ಕಲಸಿ ಕರಿದ ವಡೆಗಳಿಗೆ ಎಣ್ಣೆಯ ಜಿಡ್ಡು ತೊಳೆಯುವ ಹುಳಿ ಬೇಕು. ಹಳದಿ ‘ಫಾವ’ ಬೇಳೆಯನ್ನು ನುಣ್ಣಗೆ ಬೇಯಿಸಿ, ಆಲಿವ್ ಎಣ್ಣೆ ಸುರಿದು, ಮೇಲೆ ಈರುಳ್ಳಿ, ಕೇಪರ್ ಉದುರಿಸಿ ಕೊಡುತ್ತಾರೆ. ಬೇಳೆಯ ಸಪ್ಪೆ ಸಿಹಿಯನ್ನು ವೈನಿನ ಉಪ್ಪುಹುಳಿ ಎತ್ತಿಹಿಡಿಯುತ್ತದೆ. ಇದೇ ಜಾತಿಯ ಕಾಳು ಅಕ್ರೋತಿರಿಯ ಬೂದಿಯಡಿಯಲ್ಲೂ ಸಿಕ್ಕಿದೆ! ಪೀಪಾಯಿಯಲ್ಲಿ ಪಳಗಿದ ನಿಖ್ತೇರಿಗೆ ಹಂದಿಮಾಂಸ, ಮಾವ್ರೊಟ್ರಾಗನೊಗೆ ಕುರಿಮಾಂಸ, ವಿನ್‌ಸಾಂಟೊಗೆ ನೀಲಿ ಚೀಸ್ ಅಥವಾ ಕಪ್ಪು ಚಾಕೊಲೇಟ್ ಒಪ್ಪುತ್ತವೆ.

ಇಂದಿನ ಸಂಕಟ

ಅಸಿರ್ಟಿಕೊ ಈಗ ದ್ವೀಪ ದಾಟಿದೆ. ಗ್ರೀಸಿನ ಉದ್ದಗಲಕ್ಕೂ ಹಬ್ಬಿದೆ. ಆಸ್ಟ್ರೇಲಿಯಾದ ಕ್ಲೇರ್ ಕಣಿವೆಯಲ್ಲಿ ಜಿಮ್ ಬ್ಯಾರಿ ವೈನರಿ 2016ರ ಫಸಲಿನಿಂದ ಅದನ್ನು ಮಾರುಕಟ್ಟೆಗೆ ತಂದಿತು. ತವರಿನಲ್ಲಿ ಮಾತ್ರ ನೆಲವೇ ಕರಗುತ್ತಿದೆ. ತೋಟಗಳ ವಿಸ್ತೀರ್ಣ ಸಾವಿರ ಹೆಕ್ಟೇರ್ ಆಸುಪಾಸಿಗೆ ಇಳಿದಿದೆ. ಬಿಸಿಗಾಳಿ ಮತ್ತು ಬರದಿಂದ 2023, 2024ರ ಫಸಲು ತೀರಾ ಕುಸಿಯಿತು. ದ್ರಾಕ್ಷಿಯ ಬೆಲೆ ಹಲವು ಪಟ್ಟು ಏರಿದ್ದರೂ ಹೋಟೆಲಿಗೆ ಜಾಗ ಮಾರಿದರೆ ಬರುವ ಹಣದ ಮುಂದೆ ಅದು ಏನೂ ಅಲ್ಲ. ನೆಲಕ್ಕೆ ಬಾಗಿ ಬುಟ್ಟಿ ಹೆಣೆಯುವ ಕೆಲಸಕ್ಕೆ ಯಂತ್ರವೂ ಒದಗದು, ಹೊಸಬರೂ ಸುಲಭವಾಗಿ ಬರುತ್ತಿಲ್ಲ.

ರಷ್ಯದ ಬಾಗಿಲು ಮುಚ್ಚಿದಾಗ, ಭೂಕಂಪ ಊರು ಕೆಡವಿದಾಗ ಈ ವೈನ್ ಮತ್ತೆ ಎದ್ದು ನಿಂತದ್ದು ಬೇರು ನೆಲದಲ್ಲಿತ್ತು ಎಂಬ ಒಂದೇ ಕಾರಣಕ್ಕೆ. ಬುಡ ಕಡಿದ ಬಳ್ಳಿ ಚಿಗುರುತ್ತದೆ. ಈಜುಕೊಳಕ್ಕಾಗಿ ಅಗೆದು ತೆಗೆದ ಬೇರು ಚಿಗುರುವುದಿಲ್ಲ. ತೋಟದ ಜಮೀನನ್ನು ತೋಟವಾಗಿಯೇ ಉಳಿಸುವ ಕಟ್ಟುನಿಟ್ಟು ಮತ್ತು ಚಾಟ್ನಿ ಮಾಡುವ ಕೈಗೆ ತಕ್ಕ ಕೂಲಿ, ಸ್ಯಾಂಟೊರಿನಿಗೆ ತುರ್ತಾಗಿ ಬೇಕಾದವು ಇವೆರಡು.