ಬಾವಲಿ ವೀರನ ಮೂರನೆಯ ವರ್ಷ

1966ರ ಮಾರ್ಚ್ 16, ಬುಧವಾರದ ಸಂಜೆ. ನೀಲ್ ಆರ್ಮ್‌ಸ್ಟ್ರಾಂಗ್ ಮತ್ತು ಡೇವಿಡ್ ಸ್ಕಾಟ್ ಎಂಬ ಇಬ್ಬರು ಗಗನಯಾತ್ರಿಗಳಿದ್ದ ಜೆಮಿನಿ-8 ನೌಕೆ ಭೂಮಿಯ ಕಕ್ಷೆಯಲ್ಲಿ ಹಿಡಿತ ತಪ್ಪಿ ಬುಗುರಿಯಂತೆ ತಿರುಗತೊಡಗಿತು. ಅಮೆರಿಕದ ಟೆಲಿವಿಷನ್ ಸಂಸ್ಥೆಗಳು ನಡೆಯುತ್ತಿದ್ದ ಕಾರ್ಯಕ್ರಮಗಳನ್ನು ತಡೆದು ಸುದ್ದಿ ಬಿತ್ತರಿಸಿದವು. ಎಬಿಸಿ ಸಂಸ್ಥೆಯಲ್ಲಿ ಆ ಹೊತ್ತಿಗೆ ಬರುತ್ತಿದ್ದುದು ‘ಬ್ಯಾಟ್‌ಮನ್’ ಧಾರಾವಾಹಿ. ಮೇಲೆ ಇಬ್ಬರ ಜೀವ ತೂಗುಯ್ಯಾಲೆಯಲ್ಲಿದ್ದಾಗ ಕೆಳಗೆ ಎಬಿಸಿಯ ಟೆಲಿಫೋನುಗಳು ಬಿಡುವಿಲ್ಲದೆ ಬಡಿದುಕೊಂಡವು. ಕರೆ ಮಾಡಿದವರ ದೂರು ಒಂದೇ: ನಮ್ಮ ಬ್ಯಾಟ್‌ಮನ್‌ನನ್ನು ಏಕೆ ನಿಲ್ಲಿಸಿದಿರಿ?

ಅದೇ ಧಾರಾವಾಹಿ 1968ರ ಮಾರ್ಚ್ 14ರಂದು ಕಡೆಯ ಕಂತು ತೋರಿಸಿ ಮುಗಿದುಹೋಯಿತು. ಲೆಕ್ಕ ಹಾಕಿದರೆ ಎರಡು ವರ್ಷಕ್ಕೆ ಎರಡು ದಿನ ಕಡಿಮೆ. ಇಷ್ಟರೊಳಗೆ ನೋಡುಗರ ಮನಸ್ಸು ತಿರುಗಿದ್ದಾದರೂ ಹೇಗೆ? ಇದಕ್ಕೆ ರೂಢಿಯಲ್ಲಿರುವ ಉತ್ತರ ಹೀಗಿದೆ: ಮೂರನೆಯ ವರ್ಷ ಕಳಪೆಯಾಯಿತು, ಬ್ಯಾಟ್‌ಗರ್ಲ್ ಎಂಬ ಹೊಸ ಪಾತ್ರ ಬಂದು ಕಥೆ ಕೆಟ್ಟಿತು. ಮೊದಲ ಮಾತನ್ನು ಒಪ್ಪಬಹುದು. ಎರಡನೆಯದರ ಬಗ್ಗೆ ನನ್ನ ತಕರಾರಿದೆ.

1939ರಿಂದ ಚಿತ್ರಕಥೆಯ ಪುಸ್ತಕಗಳಲ್ಲಿ ಬರುತ್ತಿದ್ದ ಬಾವಲಿ ವೇಷದ ವೀರನನ್ನು ಕಿರುತೆರೆಗೆ ತರುವ ಕೆಲಸ ವಿಲಿಯಂ ಡೋಜಿಯರ್ ಎಂಬ ನಿರ್ಮಾಪಕರ ಪಾಲಿಗೆ ಬಂದಾಗ ಅವರು ಒಂದು ಉಪಾಯ ಹೂಡಿದರು. ಕಥೆಯನ್ನು ಅತ್ಯಂತ ಗಂಭೀರವಾಗಿ, ಮುಖದಲ್ಲಿ ಒಂದಿಷ್ಟೂ ನಗುವಿಲ್ಲದೆ ಆಡಬೇಕು. ಆದರೆ ಆಡುವ ಮಾತು, ತೊಡುವ ಬಟ್ಟೆ, ಬಳಿಯುವ ಬಣ್ಣ ಎಲ್ಲವೂ ಅತಿಯಾಗಿರಬೇಕು. ಮಕ್ಕಳಿಗೆ ಅದು ಸಾಹಸ, ಅವರ ಹಿಂದೆ ಕೂತ ದೊಡ್ಡವರಿಗೆ ಹಾಸ್ಯ. 1966ರ ಜನವರಿ 12ರಂದು ಪ್ರಸಾರ ಆರಂಭವಾಯಿತು. ವಾರಕ್ಕೆ ಎರಡು ಕಂತು. ಬುಧವಾರ ಬ್ಯಾಟ್‌ಮನ್ ಮತ್ತು ಅವನ ಜೊತೆಗಾರ ರಾಬಿನ್ ಸಾವಿನ ದವಡೆಯಲ್ಲಿ ಸಿಕ್ಕಿಬೀಳುವುದು, ಗುರುವಾರ ಅದರಿಂದ ಪಾರಾಗುವುದು. ಹೊಡೆದಾಟದಲ್ಲಿ ಗುದ್ದು ಬಿದ್ದಾಗಲೆಲ್ಲ ಅದರ ಸದ್ದು ಬಣ್ಣಬಣ್ಣದ ಅಕ್ಷರವಾಗಿ ಪರದೆಯ ತುಂಬ ಸಿಡಿಯುತ್ತಿತ್ತು. ಆಗ ಬಣ್ಣದ ಟೆಲಿವಿಷನ್ ಮನೆಮನೆಗೆ ಬರತೊಡಗಿದ್ದ ಕಾಲ. ಬಣ್ಣ ತೋರಿಸಲು ಇದಕ್ಕಿಂತ ಒಳ್ಳೆಯ ನೆಪ ಬೇಕಿರಲಿಲ್ಲ. ಆ ಪ್ರಸಾರ ವರ್ಷದ ಜನಪ್ರಿಯತೆಯ ಪಟ್ಟಿಯಲ್ಲಿ ಗುರುವಾರದ ಕಂತು ಐದನೆಯ ಸ್ಥಾನದಲ್ಲೂ ಬುಧವಾರದ ಕಂತು ಹತ್ತನೆಯ ಸ್ಥಾನದಲ್ಲೂ ನಿಂತಿತು.

ಆದರೆ ಒಂದೇ ಹಾಸ್ಯವನ್ನು ಎಷ್ಟು ಸಲ ಕೇಳಿ ನಗುವುದು? ಎರಡನೆಯ ವರ್ಷ ಬರೋಬ್ಬರಿ 60 ಕಂತುಗಳು ಬಂದವು. ಖಳರು ಬದಲಾಗುತ್ತಿದ್ದರು, ಬಲೆ ಬದಲಾಗುತ್ತಿತ್ತು, ಕಥೆಯ ಅಚ್ಚು ಬದಲಾಗಲಿಲ್ಲ. ಹಾಸ್ಯಕ್ಕೆಂದು ಬಂದಿದ್ದ ದೊಡ್ಡವರು ಮೆಲ್ಲಗೆ ಎದ್ದುಹೋದರು. 1966-67ರ ಪಟ್ಟಿಯ ಮೊದಲ ಮೂವತ್ತರಲ್ಲಿ ಬ್ಯಾಟ್‌ಮನ್‌ನ ಹೆಸರೇ ಇಲ್ಲ. ಇದನ್ನು ಓದುಗರು ಗಮನಿಸಬೇಕು. ಬ್ಯಾಟ್‌ಗರ್ಲ್ ಆಗ ಇನ್ನೂ ಪರದೆಗೆ ಬಂದಿರಲಿಲ್ಲ.

ಈ ಪಟ್ಟಿ ಸಿದ್ಧವಾಗುತ್ತಿದ್ದ ಬಗೆಯನ್ನೂ ಸ್ವಲ್ಪ ನೋಡಬೇಕು. ಕಂಪನಿ ನಾಟಕದ ಕಾಲದಲ್ಲಿ ಮಾಲೀಕನಿಗೆ ಪ್ರೇಕ್ಷಕರ ಅಭಿಪ್ರಾಯ ಆ ರಾತ್ರಿಯೇ ಕಿವಿಗೆ ಬೀಳುತ್ತಿತ್ತು. ಮೆಚ್ಚಿದರೆ ‘ವನ್ಸ್ ಮೋರ್’, ಮೆಚ್ಚದಿದ್ದರೆ ಸಿಳ್ಳು. ಟೆಲಿವಿಷನ್‌ಗೆ ಕಿವಿಯಿಲ್ಲ. ಅಮೆರಿಕದಲ್ಲಿ ಆ ಕಿವಿಯ ಕೆಲಸ ಮಾಡುತ್ತಿದ್ದುದು ನೀಲ್ಸನ್ ಕಂಪನಿ. ಅಂದಿನ ಐದು ಕೋಟಿಗೂ ಮಿಕ್ಕ ಟೆಲಿವಿಷನ್ ಮನೆಗಳ ಪರವಾಗಿ ಸುಮಾರು 1,200 ಮನೆಗಳನ್ನು ಆರಿಸಿಕೊಂಡು ಅಲ್ಲಿನ ಸೆಟ್ಟುಗಳಿಗೆ ಮೀಟರು ಜೋಡಿಸಿದ್ದರು. ಸೆಟ್ಟು ಯಾವ ಹೊತ್ತಿನಲ್ಲಿ ಯಾವ ಚಾನೆಲ್‌ಗೆ ತಿರುಗಿದೆ ಎಂಬುದನ್ನು ಮೀಟರು ಬರೆದುಕೊಳ್ಳುತ್ತಿತ್ತು. ಎದುರಿಗೆ ಕೂತವರು ನಕ್ಕರೋ ಆಕಳಿಸಿದರೋ ಅದಕ್ಕೆ ತಿಳಿಯದು. ಕೂತದ್ದು ಅಜ್ಜನೋ ಆರು ವರ್ಷದ ಹುಡುಗಿಯೋ ಅದೂ ತಿಳಿಯದು. ಜಾಹೀರಾತಿನ ದರ ಏರುವುದು ಇಳಿಯುವುದು ಈ ಲೆಕ್ಕದ ಮೇಲೆ. ದರ ಇಳಿದರೆ ನಿರ್ಮಾಣಕ್ಕೆ ಕೊಡುವ ಹಣವೂ ಇಳಿಯುತ್ತದೆ.

ಎಬಿಸಿ ಕೈಬಿಡುವ ಲಕ್ಷಣ ಕಂಡಾಗ ಡೋಜಿಯರ್ ಹೊಸ ಆಕರ್ಷಣೆಯೊಂದನ್ನು ಹುಡುಕಿದರು. ಚಿತ್ರಕಥೆಯ ಪುಸ್ತಕದವರೊಡನೆ ಮಾತಾಡಿ ಒಬ್ಬ ನಾಯಕಿಯನ್ನು ಸೃಷ್ಟಿಸಲಾಯಿತು. ಪೊಲೀಸ್ ಕಮಿಷನರ್ ಗಾರ್ಡನ್‌ರ ಮಗಳು ಬಾರ್ಬರಾ. ಹಗಲಲ್ಲಿ ಸಾರ್ವಜನಿಕ ಗ್ರಂಥಾಲಯದಲ್ಲಿ ಕೆಲಸ, ಅಪಾಯ ಬಂದಾಗ ಬ್ಯಾಟ್‌ಗರ್ಲ್. 1967ರ ಜನವರಿ ತಿಂಗಳು ಮುದ್ರಿತವಾದ ಸಂಚಿಕೆಯಲ್ಲಿ ಅವಳು ಪುಸ್ತಕದಲ್ಲಿ ಕಾಣಿಸಿಕೊಂಡಳು. ಯವೋನ್ ಕ್ರೇಗ್ ಎಂಬ ನಟಿಯನ್ನು ಹಾಕಿ ಏಳೆಂಟು ನಿಮಿಷದ ಒಂದು ಮಾದರಿ ಚಿತ್ರ ತೆಗೆದು ಎಬಿಸಿಯ ಅಧಿಕಾರಿಗಳಿಗೆ ತೋರಿಸಿದರು. ಅವರು ಒಪ್ಪಿದರು. ಅಂದರೆ ಬ್ಯಾಟ್‌ಗರ್ಲ್ ಧಾರಾವಾಹಿಯನ್ನು ಮುಗಿಸಿದಳು ಎನ್ನುವುದಕ್ಕಿಂತ ಅದಕ್ಕೆ ಇನ್ನೊಂದು ವರ್ಷದ ಆಯಸ್ಸು ತಂದುಕೊಟ್ಟಳು ಎನ್ನುವುದೇ ಸರಿ.

ಆ ಮೂರನೆಯ ವರ್ಷ 1967ರ ಸೆಪ್ಟೆಂಬರ್ 14ರಂದು ಶುರುವಾಯಿತು. ವಾರಕ್ಕೆ ಎರಡಿದ್ದದ್ದು ಒಂದಾಯಿತು. ಹೆಚ್ಚಿನ ಕಥೆಗಳು ಅರ್ಧ ಗಂಟೆಯಲ್ಲೇ ಮುಗಿಯಬೇಕಾದ್ದರಿಂದ ಬುಧವಾರ ರಾತ್ರಿ ಮಕ್ಕಳ ನಿದ್ದೆಗೆಡಿಸುತ್ತಿದ್ದ ಆ ‘ನಾಳೆ ಏನಾದೀತು’ ಎಂಬ ತಳಮಳ ಇಲ್ಲವಾಯಿತು. ಎದುರಿಗೆ ಅದೇ ಹೊತ್ತಿಗೆ ಎನ್‌ಬಿಸಿಯಲ್ಲಿ ‘ಡೇನಿಯಲ್ ಬೂನ್’, ಸಿಬಿಎಸ್‌ನಲ್ಲಿ ‘ಸಿಮರಾನ್ ಸ್ಟ್ರಿಪ್’. ಎರಡೂ ಕುದುರೆ, ಕೋವಿಗಳ ಕಥೆಗಳು. ಹಣದ ಕೊರತೆ ಕಣ್ಣಿಗೆ ಹೊಡೆಯುವಂತಿತ್ತು. ಹಿಂದೆ ಖಳನ ಅಡಗುದಾಣವೆಂದರೆ ನೆಲದಿಂದ ಛಾವಣಿಯವರೆಗೆ ಕಟ್ಟಿದ ಸೆಟ್ಟು. ಈಗ ಎಷ್ಟೋ ಕಡೆ ಹಿಂದೆ ಬರಿಯ ಕಪ್ಪು. ಅದರ ಮುಂದೆ ಒಂದು ಬಾಗಿಲಿನ ಚೌಕಟ್ಟು, ಒಂದು ಕಿಟಕಿ, ಎರಡು ಪೀಠೋಪಕರಣ. ಮುಗಿಯುವ ಹಿಂದಿನ ವಾರದ ಕಂತಿನಲ್ಲಂತೂ ಖಳರು ಮಾತ್ರೆ ನುಂಗಿ ಮಾಯವಾಗುತ್ತಾರೆ, ಬ್ಯಾಟ್‌ಮನ್ ದೀಪ ಆರಿಸಿ ಕತ್ತಲಲ್ಲೇ ಹೊಡೆದಾಡುತ್ತಾನೆ. ಕಥೆಗೆ ಅದು ಜಾಣತನವಿರಬಹುದು, ಖರ್ಚಿನ ಲೆಕ್ಕಕ್ಕಂತೂ ಹೌದು.

ಇಂಥ ಬಡತನದ ನಡುವೆ ಕ್ರೇಗ್ ಬಂದರು. ಅವರು ಬ್ಯಾಲೆ ನರ್ತಕಿಯಾಗಿದ್ದವರು. ಗಂಡಸರಂತೆ ಮುಷ್ಟಿಯಿಂದ ಗುದ್ದುವುದು ಹೆಣ್ಣಿಗೆ ಒಪ್ಪದು ಎಂದು ಅವರಿಗೆ ಕಟ್ಟಳೆ ಹಾಕಿದ್ದರು. ಹಾಗಾಗಿ ಬ್ಯಾಟ್‌ಗರ್ಲ್ ಕಾಲಿನಿಂದ ಒದೆಯುತ್ತಾಳೆ, ಕೈಗೆ ಸಿಕ್ಕ ವಸ್ತುವಿನಿಂದ ಹೊಡೆಯುತ್ತಾಳೆ. ನರ್ತಕಿಗೆ ಕಾಲೆತ್ತುವುದು ಕಷ್ಟವೇ? ಕಟ್ಟಳೆಯೇ ವರವಾಯಿತು. ನೇರಳೆ ಬಣ್ಣದ ಉಡುಪು ತೊಟ್ಟು, ಗೋಡೆಯ ಹಿಂದಿನ ಗುಪ್ತ ಕೋಣೆಯಿಂದ ಮೋಟಾರ್ ಸೈಕಲ್ ಏರಿ ಬರುವ ಈ ಗ್ರಂಥಪಾಲಕಿಯ ಗುಟ್ಟು ಅಪ್ಪನಿಗೂ ತಿಳಿಯದು, ಬ್ಯಾಟ್‌ಮನ್‌ಗೂ ತಿಳಿಯದು. ತಿಳಿದದ್ದು ಬ್ಯಾಟ್‌ಮನ್‌ನ ಮನೆಯ ಆಳು ಆಲ್‌ಫ್ರೆಡ್‌ಗೆ ಮಾತ್ರ. ಅವಳಿಗೆ ಯಜಮಾನನಿಲ್ಲ, ಕರೆಯುವವರಿಲ್ಲ. ತಾನಾಗಿ ಬರುತ್ತಾಳೆ, ಕೆಲಸ ಮುಗಿಸಿ ಹೇಳದೆ ಹೋಗುತ್ತಾಳೆ.

ಹಾಗೆಂದು ಆ ವರ್ಷದ ಕಂತುಗಳು ಹೆಣ್ಣಿಗೆ ಮರ್ಯಾದೆ ಕೊಟ್ಟವು ಎಂದೇನೂ ಅಲ್ಲ. 1968ರ ಜನವರಿ 18ರ ಕಂತನ್ನೇ ನೋಡಿ. ನೋರಾ ಕ್ಲಾವಿಕಲ್ ಎಂಬಾಕೆ ಪೊಲೀಸ್ ಕಮಿಷನರ್ ಆಗಿ ಗಂಡು ಪೊಲೀಸರನ್ನೆಲ್ಲ ಮನೆಗೆ ಕಳಿಸಿ ಹೆಂಗಸರನ್ನು ನೇಮಿಸುತ್ತಾಳೆ. ಅವರೋ, ಬ್ಯಾಂಕಿನಲ್ಲಿ ಕಳ್ಳತನವಾಗುವಾಗ ತುಟಿಗೆ ಬಣ್ಣ ಹಚ್ಚುತ್ತ ಅಡುಗೆಯ ಮಾತಾಡುತ್ತ ನಿಲ್ಲುವವರು. ಯಂತ್ರದ ಇಲಿ ಕಂಡರೆ ಕಿರಿಚುವವರು. ಹಾಸ್ಯವೆಂದು ಬರೆದದ್ದು. ಇಂದು ನೋಡಿದರೆ ನಗು ಬರುವುದಿಲ್ಲ.

ವಿಚಿತ್ರವೆಂದರೆ ಅದೇ ದಿನ, ಅದೇ ಜನವರಿ 18ರಂದು, ಇದೇ ಧಾರಾವಾಹಿಯ ಮತ್ತೊಬ್ಬ ನಟಿ ಶ್ವೇತಭವನದ ಭೋಜನಕೂಟದಲ್ಲಿ ಎದ್ದುನಿಂತಿದ್ದರು. ಅವರು ಅರ್ಥಾ ಕಿಟ್. ಹಿಂದಿನ ಎರಡು ವರ್ಷ ಕ್ಯಾಟ್‌ವುಮನ್ ಆಗಿ ಮನೆಮಾತಾಗಿದ್ದ ಜೂಲಿ ನ್ಯೂಮಾರ್ ‘ಮೆಕೆನ್ನಾಸ್ ಗೋಲ್ಡ್’ ಚಿತ್ರಕ್ಕೆ ಹೋಗಿದ್ದರು. (ನಮ್ಮ ದೇಶದ ಟಾಕೀಸುಗಳಲ್ಲಿ ಜನ ಮುಗಿಬಿದ್ದು ನೋಡಿದ ಆ ಚಿತ್ರವೇ.) ಅವರ ಜಾಗಕ್ಕೆ ಬಂದವರು ದಕ್ಷಿಣ ಕೆರೊಲಿನಾದ ಕಡುಬಡತನದಲ್ಲಿ ಹುಟ್ಟಿದ ಕಪ್ಪು ಜನಾಂಗದ ಈ ಗಾಯಕಿ. ಬಂದದ್ದು ಮೂರೇ ಕಂತುಗಳಲ್ಲಿ. ಬೆಕ್ಕಿನಂತೆ ಗುರುಗುಟ್ಟುವ ಆ ದನಿಯನ್ನು ಒಮ್ಮೆ ಕೇಳಿದವರು ಮರೆಯುವುದು ಕಷ್ಟ. ಆದರೆ ಒಂದು ಬದಲಾವಣೆ ಸದ್ದಿಲ್ಲದೆ ನಡೆದಿತ್ತು. ನ್ಯೂಮಾರ್ ಇದ್ದಾಗ ಬ್ಯಾಟ್‌ಮನ್‌ಗೂ ಕ್ಯಾಟ್‌ವುಮನ್‌ಗೂ ನಡುವೆ ಇದ್ದ ಪ್ರಣಯದ ಸೆಳೆತ ಕಿಟ್ ಬಂದೊಡನೆ ಮಾಯವಾಯಿತು. ಬಿಳಿಯರೂ ಕರಿಯರೂ ಮದುವೆಯಾಗುವುದನ್ನು ನಿಷೇಧಿಸಿದ್ದ ರಾಜ್ಯಗಳ ಕಾನೂನುಗಳನ್ನು ಅಮೆರಿಕದ ಸುಪ್ರೀಂ ಕೋರ್ಟ್ ರದ್ದು ಮಾಡಿದ್ದು 1967ರ ಜೂನ್‌ನಲ್ಲಿ, ಈ ಕಂತುಗಳು ಬಂದದ್ದು ಆ ಡಿಸೆಂಬರ್ ಮತ್ತು ಮರು ಜನವರಿಯಲ್ಲಿ ಎಂಬುದನ್ನು ನೆನೆದರೆ ಕಾರಣ ಊಹಿಸಬಹುದು.

ಭೋಜನಕೂಟದ ವಿಷಯ ಬೀದಿಗಳಲ್ಲಿ ಹೆಚ್ಚುತ್ತಿದ್ದ ಅಪರಾಧ. ಕಿಟ್ ಅಧ್ಯಕ್ಷರ ಪತ್ನಿಯ ಎದುರಿಗೇ ವಿಯೆಟ್ನಾಂ ಯುದ್ಧದ ಮಾತೆತ್ತಿದರು: ದೇಶದ ಒಳ್ಳೆಯ ಮಕ್ಕಳನ್ನು ಸಾಯಲು ಕಳಿಸುತ್ತಿದ್ದೀರಿ, ಹುಡುಗರು ದಂಗೆಯೇಳದೆ ಇನ್ನೇನು ಮಾಡುತ್ತಾರೆ ಎಂಬ ಅರ್ಥದ ಮಾತು. ಅದಾದ ಮೇಲೆ ಸ್ವದೇಶದಲ್ಲಿ ಅವರಿಗೆ ಕೆಲಸ ಸಿಗುವುದೇ ದುಸ್ತರವಾಯಿತು. ವರ್ಷಗಟ್ಟಲೆ ಯುರೋಪಿನಲ್ಲಿ ಹಾಡಿ ಬದುಕಿದರು. ಗುಪ್ತಚರ ಸಂಸ್ಥೆ ಸಿಐಎ ಅವರ ಮೇಲೆ ಕಡತ ಇಟ್ಟಿತ್ತೆಂಬುದು 1975ರಲ್ಲಿ ಹೊರಬಿತ್ತು.

ಧಾರಾವಾಹಿಗೂ ಆ ಮಾರ್ಚ್‌ನಲ್ಲಿ ಮಂಗಳ ಹಾಡಿದರು. ಕಡೆಯ ಕಂತಿನಲ್ಲಿ ಡೋಜಿಯರ್ ತಾವೇ ಒಂದು ಪುಟ್ಟ ಪಾತ್ರದಲ್ಲಿ ತೆರೆಯ ಮೇಲೆ ಬಂದುಹೋದರು. ಒಟ್ಟು 120 ಕಂತುಗಳು. ಅದರಲ್ಲಿ ಮೂರನೆಯ ವರ್ಷದವು 26. ಎನ್‌ಬಿಸಿಗೆ ಮುಂದುವರಿಸುವ ಆಸಕ್ತಿಯಿತ್ತು, ಆದರೆ ಅಷ್ಟರಲ್ಲಿ ಬಾವಲಿ ಗವಿಯ ಸೆಟ್ಟನ್ನು ಒಡೆದುಹಾಕಿದ್ದರು ಎಂದು ತಂಡದವರು ಆಮೇಲೆ ಹೇಳಿಕೊಂಡಿದ್ದುಂಟು.

ಇದಕ್ಕೆ ಎರಡು ವಾರ ಮೊದಲು, ಮಾರ್ಚ್ 1ರಂದು, ಅದೇ ಎನ್‌ಬಿಸಿ ಇನ್ನೊಂದು ಧಾರಾವಾಹಿಯ ಕಂತು ಮುಗಿದ ಕೂಡಲೇ ವಿಶೇಷ ಪ್ರಕಟಣೆ ನೀಡಿತ್ತು. ‘ಸ್ಟಾರ್ ಟ್ರೆಕ್’ ಮುಂದುವರಿಯುತ್ತದೆ ಎಂಬುದೇ ಆ ಪ್ರಕಟಣೆ. ಅದು ನಿಲ್ಲುತ್ತದೆಂಬ ಸುದ್ದಿ ಹಬ್ಬಿ ಅಭಿಮಾನಿಗಳು ಮೂಟೆಗಟ್ಟಲೆ ಪತ್ರ ಬರೆದಿದ್ದರು, ವಿದ್ಯಾರ್ಥಿಗಳು ಮೆರವಣಿಗೆ ಮಾಡಿದ್ದರು. ಬ್ಯಾಟ್‌ಮನ್‌ಗೆ ಹೀಗೆ ಬರೆಯುವವರು ಏಕಿರಲಿಲ್ಲ? ಎರಡು ವರ್ಷದ ಹಿಂದೆ ಫೋನು ಬಡಿದವರು ಎಲ್ಲಿ ಹೋದರು? ನನಗೆ ತೋಚುವುದು ಇಷ್ಟು. ಹಾಸ್ಯಕ್ಕೆ ಬಂದ ದೊಡ್ಡವರು ಆಗಲೇ ಬೇರೆ ಹಾಸ್ಯ ಹುಡುಕಿಕೊಂಡಿದ್ದರು. ಕಾಗದ ಬರೆದು ಜಗಳಾಡುವ ಅಭ್ಯಾಸವಿದ್ದ ಚಿತ್ರಕಥೆಯ ಹಳೆಯ ಓದುಗರಿಗೆ ತಮ್ಮ ವೀರನನ್ನು ನಗೆಪಾಟಲು ಮಾಡಿದ ಈ ಧಾರಾವಾಹಿಯ ಮೇಲೆ ಮೊದಲಿನಿಂದಲೂ ಸಿಟ್ಟು. ಉಳಿದವರು ಮಕ್ಕಳು. ಏಳು ವರ್ಷದ ಮಗು ಟೆಲಿವಿಷನ್ ಸಂಸ್ಥೆಗೆ ಮನವಿ ಬರೆಯುವುದಿಲ್ಲ. ಬರೆದು ಗೆದ್ದವರ ಪಾಡೂ ಅಷ್ಟಕ್ಕಷ್ಟೆ ಎನ್ನಿ. ‘ಸ್ಟಾರ್ ಟ್ರೆಕ್’ನ ಮೂರನೆಯ ವರ್ಷಕ್ಕೂ ಹಣ ಕಡಿತವಾಗಿ, ಶುಕ್ರವಾರ ರಾತ್ರಿ ಹತ್ತಕ್ಕೆ ತಳ್ಳಲ್ಪಟ್ಟು, 1969ರಲ್ಲಿ ಅದೂ ನಿಂತಿತು.

ಆ ಮಕ್ಕಳ ಅಭಿಪ್ರಾಯ ಹೊರಬರಲು ಕಾಲ ಹಿಡಿಯಿತು. ಮರುಪ್ರಸಾರದಲ್ಲಿ ವರ್ಷಗಟ್ಟಲೆ ಇದೇ ಕಂತುಗಳು ಶಾಲೆ ಬಿಟ್ಟ ಹೊತ್ತಿಗೆ ಬರುತ್ತಿದ್ದವು. ಅಲ್ಲಿ ಯಾವ ಕಂತು ಯಾವ ವರ್ಷದ್ದೆಂದು ಯಾರೂ ಕೇಳುವುದಿಲ್ಲ. ಬ್ಯಾಟ್‌ಗರ್ಲ್ ಇದ್ದರೆ ಮೂರನೆಯ ವರ್ಷದ್ದು, ಅಷ್ಟೆ. ಅಂದು ನೋಡಿ ಬೆಳೆದ ಹೆಣ್ಣುಮಕ್ಕಳು ದೊಡ್ಡವರಾಗಿ ಕ್ರೇಗ್‌ರನ್ನು ಕಂಡಾಗ ನೀವೇ ನನ್ನ ಮೊದಲ ನಾಯಕಿ ಎಂದು ಹೇಳಿಕೊಂಡರು. ಹಕ್ಕುಗಳ ತಕರಾರಿನಿಂದ ಧಾರಾವಾಹಿ ಪೂರ್ತಿಯಾಗಿ ಡಿಸ್ಕಿನಲ್ಲಿ ಹೊರಬರಲು 2014ರ ನವೆಂಬರ್‌ವರೆಗೆ ಕಾಯಬೇಕಾಯಿತು. ಕಿಟ್ 2008ರಲ್ಲೇ ತೀರಿಕೊಂಡಿದ್ದರು. ಕ್ರೇಗ್ 2015ರಲ್ಲಿ ಹೋದರು. 2017ರಲ್ಲಿ ಬ್ಯಾಟ್‌ಮನ್ ಪಾತ್ರದ ಆಡಂ ವೆಸ್ಟ್ ತೀರಿಕೊಂಡಾಗ ಲಾಸ್ ಏಂಜಲೀಸ್ ನಗರಸಭೆಯ ಕಟ್ಟಡದ ಮೇಲೆ ಬಾವಲಿಯ ಬೆಳಕಿನ ಚಿಹ್ನೆ ಮೂಡಿಸಿದರು.

ಇದರ ನಡುವೆ ಒಂದು ನಿಮಿಷದ ಜಾಹೀರಾತೊಂದಿದೆ. 1970ರ ದಶಕದ ಮೊದಲ ವರ್ಷಗಳದ್ದು, ಮಾಡಿಸಿದ್ದು ಅಮೆರಿಕದ ಕಾರ್ಮಿಕ ಇಲಾಖೆ. ಆಡಂ ವೆಸ್ಟ್ ಆಗ ಆ ಮುಖವಾಡದಿಂದ ದೂರ ಉಳಿದಿದ್ದರು. ಬ್ಯಾಟ್‌ಮನ್ ಆಗಿ ಬೇರೊಬ್ಬ ನಟ ಬಂದರು. ಬ್ಯಾಟ್‌ಮನ್‌ನನ್ನೂ ರಾಬಿನ್‌ನನ್ನೂ ಕಟ್ಟಿಹಾಕಿ ಪಕ್ಕದಲ್ಲಿ ಗಡಿಯಾರದ ಬಾಂಬು ಇಟ್ಟಿದ್ದಾರೆ. ಬ್ಯಾಟ್‌ಗರ್ಲ್ ಬರುತ್ತಾಳೆ. ಬೇಗ ಬಿಚ್ಚು ಎನ್ನುತ್ತಾರೆ. ಅವಳು ಬಿಚ್ಚುವುದಿಲ್ಲ. ನಿನ್ನ ಬಳಿ ಇಷ್ಟು ದಿನದಿಂದ ದುಡಿಯುತ್ತಿದ್ದೇನೆ, ರಾಬಿನ್‌ಗಿಂತ ನನಗೆ ಸಂಬಳ ಕಡಿಮೆ ಏಕೆ ಎಂದು ಕೇಳುತ್ತಾಳೆ. ಇದು ತಮಾಷೆಯ ಹೊತ್ತಲ್ಲ ಎನ್ನುತ್ತಾನೆ ಬ್ಯಾಟ್‌ಮನ್. ತಮಾಷೆಯಲ್ಲ, 1963ರ ಸಮಾನ ವೇತನದ ಕಾನೂನು ಎನ್ನುತ್ತಾಳೆ ಅವಳು. ಗಡಿಯಾರ ಓಡುತ್ತಿರುತ್ತದೆ. ಅವರು ಉಳಿದರೋ ಇಲ್ಲವೋ, ಅವಳಿಗೆ ಸಂಬಳ ಏರಿತೋ ಇಲ್ಲವೋ ಜಾಹೀರಾತು ತೋರಿಸುವುದಿಲ್ಲ. ಹಳೆಯ ಧಾಟಿಯಲ್ಲೇ ಎರಡೂ ಪ್ರಶ್ನೆಗಳನ್ನು ಕೇಳಿ, ದೂರು ಕೊಡಬೇಕಾದ ಸರ್ಕಾರಿ ಕಚೇರಿಯ ಹೆಸರು ಹೇಳಿ ಮುಗಿಯುತ್ತದೆ.