ಕೃತಪುರದ ನಾಟಕಮಂಡಳಿಯೂ ಸಾಂಗಲಿಯ ಋಣವೂ

ಗದುಗಿನ ರಂಗಭೂಮಿಯು ಮಹಾರಾಷ್ಟ್ರ ನಾಟಕದ ಪ್ರತಿಬಿಂಬವೆಂಬ ಮಾತು ನಮ್ಮ ವಿದ್ವಾಂಸರಲ್ಲಿ ರೂಢಮೂಲವಾಗಿದೆ. ಶಾಂತಕವಿಗಳೆಂದು ಪ್ರಸಿದ್ಧರಾದ ಸಕ್ಕರಿ ಬಾಳಾಚಾರ್ಯರು (1856–1920) ಕ್ರಿ. ಶ. 1870ರ ದಶಕದಲ್ಲಿ ವೀರನಾರಾಯಣಸ್ವಾಮಿಯ ಹೆಸರಿನಲ್ಲಿ ಕೃತಪುರ ನಾಟಕಮಂಡಳಿಯನ್ನು ಕಟ್ಟಿ ‘ಉಷಾಹರಣ’ವನ್ನು ಆಡಿಸಿದಾಗ ಈ ಸೀಮೆಯಲ್ಲಿ ಮರಾಠೀ ಆಟಗಳ ಪ್ರಭಾವವು ವಿಶೇಷವಾಗಿದ್ದುದು ನಿಜ. ಆದರೆ ಈ ಋಣದ ಮೂಲವನ್ನು ಶೋಧಿಸಹೊರಟರೆ ಸಾಲಪತ್ರವು ತಿರುಗಿ ಕನ್ನಡ ನಾಡಿಗೇ ಬಂದು ನಿಲ್ಲುತ್ತದೆ.

1842ರ ಸುಮಾರಿಗೆ ಉತ್ತರ ಕನ್ನಡದ ಕರ್ಕಿಯ ಭಾಗವತರ ಮೇಳವು ಸಾಂಗಲಿಗೆ ಹೋಗಿ ಸಂಸ್ಥಾನಾಧಿಪತಿ ಚಿಂತಾಮಣರಾವ್ ಪಟವರ್ಧನರ ಮುಂದೆ ಆಡಿತು. ಇಂಥ ಆಟವು ಮರಾಠಿಯಲ್ಲಿಯೂ ಆಗಬೇಕೆಂದು ಅರಸರು ತಮ್ಮ ಆಶ್ರಿತನಾದ ವಿಷ್ಣುದಾಸ ಭಾವೆಯವರಿಗೆ ಅಪ್ಪಣೆ ಮಾಡಲು, 1843ರಲ್ಲಿ ‘ಸೀತಾಸ್ವಯಂವರ’ವು ಹುಟ್ಟಿತು. ಅದರ ಅಂಗರಚನೆಯನ್ನು ನೋಡಿರಿ: ಸೂತ್ರಧಾರನು ಪದ್ಯಗಳನ್ನು ಹಾಡುವನು, ಪಾತ್ರಧಾರಿಗಳು ಮಾತನ್ನು ಆಗಲೇ ಹೊಸೆದು ಆಡುವರು. ಇದು ನಮ್ಮ ಭಾಗವತರಾಟದ ಕಟ್ಟೇ ಅಲ್ಲವೆ? 1851ರಲ್ಲಿ ಅರಸರು ತೀರಿಕೊಂಡ ತರುವಾಯ ಆಶ್ರಯ ತಪ್ಪಿದ ಭಾವೆಯವರು ಊರೂರಿಗೆ ಹೋಗಿ ಹಣ ಕೊಟ್ಟು ನೋಡುವ ಪ್ರೇಕ್ಷಕರನ್ನು ಅರಸಬೇಕಾಯಿತು. ವೃತ್ತಿನಾಟಕದ ಜನ್ಮಕಾರಣವು ಇದೇ. ನಮ್ಮ ಶಿರಹಟ್ಟಿಯೂ ಆಗ ಸಾಂಗಲಿಗೆ ಸೇರಿದುದು, ಲಕ್ಷ್ಮೇಶ್ವರವು ಮಿರಜದ ಪಟವರ್ಧನರದು. ಆದುದರಿಂದ ಕೊಟ್ಟವರೂ ಕೊಂಡವರೂ ಒಂದೇ ಮನೆತನದ ಆಳ್ವಿಕೆಯ ನೆರೆಹೊರೆಯವರೆಂಬುದನ್ನು ಮರೆಯಲಾಗದು.

ಹಾಗಾದರೆ ಗದುಗಿನ ಜನರು ಮರಾಠೀ ಆಟದಿಂದ ತೃಪ್ತರಾಗಲಿಲ್ಲವೇಕೆ? ಪೇಶವೆಯರ ಪತನದ ಮೇಲೆ, 1818ರಲ್ಲಿ, ಧಾರವಾಡ ಸೀಮೆಯು ಇಂಗ್ಲಿಷರ ಕೈಸೇರಿ ಮುಂಬಯಿ ಆಧಿಪತ್ಯಕ್ಕೆ ಒಳಪಟ್ಟಿತು. ಕಚೇರಿಯಲ್ಲಿಯೂ ಶಾಲೆಯಲ್ಲಿಯೂ ಮರಾಠಿಯೇ ಮೆರೆಯಿತು. ಡೆಪ್ಯುಟಿ ಚನ್ನಬಸಪ್ಪನವರು ಕನ್ನಡವನ್ನು ಶಾಲೆಗೆ ಮರಳಿ ತಂದರು. ಆದರೆ ಶಾಲೆಯ ಬಾಗಿಲನ್ನೇ ಕಾಣದ ಒಕ್ಕಲಿಗ-ನೇಕಾರರ ಕಿವಿಗೆ ಆ ಕನ್ನಡವು ಮುಟ್ಟುವುದೆಂತು? ಶಾಂತಕವಿಗಳು ಸ್ವತಃ ಶಾಲಾಶಿಕ್ಷಕರಾಗಿದ್ದುದು ಆಕಸ್ಮಿಕವೆಂದು ನನಗೆ ತೋರುವುದಿಲ್ಲ. ಅವರ ನಾಟಕಗಳಲ್ಲಿ ಕಾವ್ಯಗುಣವು ಕಡಮೆಯೆಂದು ಆಕ್ಷೇಪಿಸುವವರು ಅವು ಯಾರಿಗಾಗಿ ಹುಟ್ಟಿದುವೆಂಬುದನ್ನು ಗಣಿಸಲಾರರು.

ದೂರದ ಪೋಲೆಂಡಿನ ಚರಿತ್ರೆಯು ಇಲ್ಲಿ ದೃಷ್ಟಾಂತಕ್ಕೆ ಒದಗುತ್ತದೆ. 1863ರ ದಂಗೆಯು ಅಡಗಿದ ಮೇಲೆ ರಷ್ಯದ ಪ್ರಭುತ್ವವು ವಾರ್ಸಾದ ಕಚೇರಿ-ಶಾಲೆಗಳಿಂದ ಪೋಲಿಷ್ ಭಾಷೆಯನ್ನು ಹೊರದೂಡಿತು; ರಂಗಮಂದಿರದಲ್ಲಿ ಮಾತ್ರ ಅದು ಉಳಿಯಿತು. ಅಲ್ಲಿಯ ಪ್ರೇಕ್ಷಕರು ನಟರನ್ನು ಆರಾಧಿಸಿದುದರಲ್ಲಿ ಭಾಷಾಭಿಮಾನವೂ ಬೆರೆತಿತ್ತು. ಭೇದವೂ ಉಂಟು: ಅಲ್ಲಿ ಕವಿದುದು ಆಳುವವರ ನುಡಿ, ಇಲ್ಲಿ ಸೋದರನುಡಿ, ಆದಕಾರಣ ನಮ್ಮಲ್ಲಿ ದ್ವೇಷಕ್ಕಿಂತ ಸ್ಪರ್ಧೆಯೇ ಬಲವಾಯಿತು.

ಇಂಗ್ಲಿಷರೂ ರಂಗಭೂಮಿಯನ್ನು ನಿರ್ಲಕ್ಷಿಸಿದವರಲ್ಲ. ಮುಂಡರಗಿಯ ಭೀಮರಾಯನು 1858ರಲ್ಲಿ ಕೊಪ್ಪಳದಲ್ಲಿ ಮಡಿದು ಎರಡು ದಶಕಗಳು ತುಂಬುವ ಮೊದಲೇ, 1876ರಲ್ಲಿ, ನಾಟಕಪ್ರಯೋಗ ನಿಯಂತ್ರಣದ ಕಾಯಿದೆಯು ಬಂದಿತು. ಅದಕ್ಕೆ ನಿಮಿತ್ತವಾದುದು ಬಂಗಾಲದ ರಂಗಭೂಮಿ. ಪುರಾಣಕಥೆಯಲ್ಲಿಯೂ ಕಿಡಿಯಿರಬಹುದೆಂದು ಸರಕಾರವು ಮನಗಂಡುದು ಖಾಡಿಲಕರರ ಮರಾಠೀ ‘ಕೀಚಕವಧ’ವನ್ನು 1910ರಲ್ಲಿ ನಿಷೇಧಿಸಿದಾಗ.

1880ರಲ್ಲಿ ಪುಣೆಯಲ್ಲಿ ‘ಸಂಗೀತ ಶಾಕುಂತಲ’ವನ್ನು ಆಡಿದ ಅಣ್ಣಾಸಾಹೇಬ ಕಿರ್ಲೋಸ್ಕರರು ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನವರು. ಮುಂದೆ ಶಿರಹಟ್ಟಿಯ ವೆಂಕೋಬರಾಯರ ಮಂಡಳಿಯೂ ಗದುಗಿನ ಗರೂಡ ಸದಾಶಿವರಾಯರ ದತ್ತಾತ್ರೇಯ ಮಂಡಳಿಯೂ ಬೆಳೆದುದು ಆ ಸಂಗೀತನಾಟಕವು ನಾಡೆಲ್ಲ ಹರಡಿದ ಕಾಲದಲ್ಲಿ. ಆ ಎರಡನೆಯ ಸುತ್ತಿನ ಲೆಕ್ಕವು ಬೇರೊಂದು ಲೇಖನದ ವಿಷಯ.