ತೂಕದ ಕಲ್ಲಿಗೆ ವಿಭೂತಿ

ತಿಪಟೂರಿನ ಕೊಬ್ಬರಿ ಮಂಡಿಯೊಂದಕ್ಕೆ ಲೆಕ್ಕ ಬರೆಯಲು ನಾನು ಸೇರಿದ್ದು 1974ರಲ್ಲಿ. ತುರುವೇಕೆರೆ ತಾಲ್ಲೂಕಿನ ಹಳ್ಳಿಯಿಂದ ಬಂದಿದ್ದೆ, ಎಸ್ಸೆಸ್ಸೆಲ್ಸಿ ಮುಗಿದಿತ್ತು. ಮೊದಲ ದಿನ ಯಜಮಾನರು ನನ್ನ ಕೈಗೆ ಲೆಕ್ಕದ ಪುಸ್ತಕ ಕೊಡಲಿಲ್ಲ. ಮನೆಯಲ್ಲಿ ಲಿಂಗಪೂಜೆ ಮುಗಿಸಿ ಬಂದವರು ತಕ್ಕಡಿಯ ತಟ್ಟೆಗಳನ್ನು ತಾವೇ ಒರೆಸಿದರು. ಕಬ್ಬಿಣದ ತೂಕದ ಕಲ್ಲುಗಳಿಗೆ ವಿಭೂತಿ ಹಚ್ಚಿದರು. ಖಾಲಿ ತಟ್ಟೆಗಳು ತೂಗಾಡುವುದು ನಿಂತು ಸಮಕ್ಕೆ ಬರುವವರೆಗೂ ಕಾದರು. ಆಮೇಲೆ, 'ನೋಡಪ್ಪ, ಖಾಲಿ ಇದ್ದಾಗ ಸಮ ನಿಂತ ತಕ್ಕಡಿ ಮಾತ್ರ ತುಂಬಿದಾಗ ನಿಜ ಹೇಳ್ತದೆ' ಅಂದರು. ನನ್ನ ಮೊದಲ ಪಾಠ ಅದು.

ಎರಡನೆಯ ಪಾಠ ಹೇಳಿಕೊಟ್ಟವರು ಕೊಬ್ಬರಿ ಆರಿಸುವ ಹೆಂಗಸರು. ಬಲಿತ ಕಾಯಿಯನ್ನು ಅಟ್ಟಕ್ಕೆ ಹಾಕಿ ಹತ್ತು ಹನ್ನೆರಡು ತಿಂಗಳು ಬಿಟ್ಟರೆ ಒಳಗಿನ ನೀರು ಇಂಗಿ, ತಿರುಳು ಚಿಪ್ಪು ಬಿಟ್ಟುಕೊಳ್ಳುತ್ತದೆ. ಕಿವಿಯ ಹತ್ತಿರ ಅಲ್ಲಾಡಿಸಿದರೆ ಗಡಗಡ ಸದ್ದು. ಆ ಸದ್ದು ಬಂದ ಮೇಲೆ ಚಿಪ್ಪು ಒಡೆದರೆ ಒಡೆಯದ ಗುಂಡನೆಯ ಗಿಟುಕು ಸಿಗುತ್ತದೆ. ನಮ್ಮ ಸೀಮೆಯ ಉಂಡೆ ಕೊಬ್ಬರಿಗೆ ಉತ್ತರ ಭಾರತದಲ್ಲಿ ಬೆಲೆ ಬಂದಿದ್ದು ಈ ತಾಳ್ಮೆಯಿಂದ. ಬೂಷ್ಟು ಹಿಡಿದದ್ದು ಯಾವುದು, ಒಳಗೇ ಕೊಳೆತದ್ದು ಯಾವುದು ಎಂದು ಮುಟ್ಟಿ ಹೇಳುವ ವಿದ್ಯೆ ಆ ಹೆಂಗಸರ ಬೆರಳಲ್ಲಿತ್ತು. ಯಜಮಾನರು ನನ್ನನ್ನು ಮೂರು ತಿಂಗಳು ಅವರ ಜೊತೆ ಕೂರಿಸಿದರು. 'ಇಲ್ಲಿ ನಿನಗೆ ಅವರೇ ಗುರುಗಳು, ಅಕ್ಕ ಅಂತ ಕರಿ' ಅಂದಿದ್ದರು.

ಬಿಡುವಾದಾಗ ಯಜಮಾನರು ನುಲಿಯ ಚಂದಯ್ಯನ ಕತೆ ಹೇಳುತ್ತಿದ್ದರು. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಹುಲ್ಲು ಕೊಯ್ದು ಹಗ್ಗ ಹೊಸೆದು ಮಾರಿ, ಬಂದದ್ದರಲ್ಲಿ ಜಂಗಮ ದಾಸೋಹ ಮಾಡುತ್ತಿದ್ದ ಶರಣ ಅವನು. ಹುಲ್ಲು ಕೊಯ್ಯುವಾಗ ಇಷ್ಟಲಿಂಗ ನೀರಿಗೆ ಬಿತ್ತು. ಚಂದಯ್ಯ ಕೆಲಸ ಬಿಟ್ಟು ಹುಡುಕಲಿಲ್ಲ. ಲಿಂಗವೇ ಹಿಂದೆ ಬಂದರೆ, ನೀನೂ ಕಾಯಕ ಮಾಡು ಎಂದು ಅದಕ್ಕೇ ಹಗ್ಗ ಮಾರುವ ಕೆಲಸ ಹಚ್ಚಿದ. ತೆಂಗಿನ ನಾರು ಹೊಸೆಯುವ ನಮ್ಮ ಸೀಮೆಗೆ ಈ ಕತೆ ಮನೆಯ ಕತೆಯಂತೆ ಒಗ್ಗಿದೆ. ಚಂದಯ್ಯನ ಪ್ರಸಂಗ ಬರುವ ಶೂನ್ಯಸಂಪಾದನೆಯನ್ನು ಪರಿಷ್ಕರಿಸಿದವರಲ್ಲಿ ಒಬ್ಬರಾದ ಗೂಳೂರು ಸಿದ್ಧವೀರಣೊಡೆಯರು ನಮ್ಮ ತುಮಕೂರು ಸೀಮೆಯವರೇ. ಪಕ್ಕದ ಕುಣಿಗಲ್ ತಾಲ್ಲೂಕಿನ ಕಗ್ಗೆರೆಯಲ್ಲಿ ತೋಟವೊಂದರಲ್ಲಿ ತಪಸ್ಸು ಮಾಡಿದ ಸಿದ್ಧಲಿಂಗರಿಗೆ 'ತೋಟದ' ಎಂಬ ಹೆಸರೇ ನಿಂತಿತು. ಅವರ ಗದ್ದುಗೆ ಎಡೆಯೂರಿನಲ್ಲಿದೆ. ಅಲ್ಲಿಗೆ ನಡೆದುಕೊಳ್ಳುವ ಮನೆಗಳು ತಿಪಟೂರು, ತುರುವೇಕೆರೆ, ಕುಣಿಗಲ್ ಮೂರೂ ತಾಲ್ಲೂಕುಗಳಲ್ಲಿ ತುಂಬಿವೆ. ಮತ್ತೆ ಚಂದಯ್ಯನ ಕತೆಗೆ ಬಂದರೆ, ದೇವರಿಗೇ ಕಾಯಕದ ವಿನಾಯಿತಿ ಇಲ್ಲ ಅಂದಮೇಲೆ ಯಜಮಾನನಿಗೆ ಎಲ್ಲಿಂದ ಬರಬೇಕು? ನಮ್ಮ ಯಜಮಾನರು ಚಂದಯ್ಯನಿಂದ ಕಲಿತದ್ದು ಇದನ್ನು. ಹಮಾಲರಿಗೆ ಕೂಲಿ ಎಣಿಸಿ ಕೊಡುವವರೆಗೆ ಅವರು ಊಟಕ್ಕೆ ಏಳುತ್ತಿರಲಿಲ್ಲ.

ಎಲ್ಲ ಕಡೆ ಹೀಗಿತ್ತು ಎಂದರೆ ಸುಳ್ಳಾಗುತ್ತದೆ. ಬೆಂಗಳೂರಿನಿಂದ ತುಮಕೂರಿಗೆ 1884ರಲ್ಲಿ ಬಂದ ರೈಲು 1889ರ ಹೊತ್ತಿಗೆ ತಿಪಟೂರು, ಅರಸೀಕೆರೆ ದಾಟಿ ಹರಿಹರ ಮುಟ್ಟಿತು. ಕೊಬ್ಬರಿ ದೂರದ ಊರುಗಳಿಗೆ ಹೋಗಲು ದಾರಿಯಾಯಿತು. ವ್ಯಾಪಾರ ದೊಡ್ಡದಾದಂತೆ ರೈತನಿಗೂ ಕೊಳ್ಳುವವನಿಗೂ ನಡುವೆ ಕೈಗಳು ಹೆಚ್ಚಾದವು. ನಮ್ಮಪ್ಪ ಒಂದು ವರ್ಷ ಗಾಡಿಯಲ್ಲಿ ತಂದ ಕೊಬ್ಬರಿಗೆ ಒಂದು ಕಡೆ ಚೀಲಕ್ಕಿಷ್ಟು ಅಂತ ತೂಕ ಮುರಿದುಕೊಂಡರು. ಅದನ್ನು ಮುರಿದವರ ಹಣೆಯ ಮೇಲೂ ವಿಭೂತಿಯಿತ್ತು. ಹಾಗಾಗಿಯೇ 1966ರ ಕೃಷಿ ಉತ್ಪನ್ನ ಮಾರುಕಟ್ಟೆ ಕಾಯಿದೆ ಬೇಕಾಯಿತು. ಹಣೆಯ ವಿಭೂತಿ ರೈತನನ್ನು ಕಾಯಲಿಲ್ಲ. ತೂಕದ ಕಲ್ಲಿಗೆ ಹಚ್ಚಿದ ವಿಭೂತಿ ಕಾಯುತ್ತಿತ್ತು.

ನಂಬಿಕೆಯಿಂದ ದೊಡ್ಡ ಸಂಸ್ಥೆ ನಡೆಸಬಹುದು ಎಂಬುದನ್ನು ನಮ್ಮ ಜಿಲ್ಲೆ ಸಿದ್ಧಗಂಗಾ ಮಠದಲ್ಲಿ ಕಣ್ಣಾರೆ ಕಂಡಿದೆ. 1907ರಲ್ಲಿ ವೀರಾಪುರದಲ್ಲಿ ಹುಟ್ಟಿ 2019ರಲ್ಲಿ ಲಿಂಗೈಕ್ಯರಾದ ಶಿವಕುಮಾರ ಸ್ವಾಮಿಗಳು ಹಳ್ಳಿ ಹಳ್ಳಿ ತಿರುಗಿ ದವಸ ಕೂಡಿಸಿ, ಜಾತಿ ಮತ ಕೇಳದೆ ಸಾವಿರಾರು ಮಕ್ಕಳಿಗೆ ಅನ್ನ, ಅಕ್ಷರ ಕೊಟ್ಟರು. ಮಠದ ಊಟದ ಸಾಲಿನಲ್ಲಿ ಕೂತು ಉಂಡು ಓದಿದ ಹುಡುಗರು ಮುಂದೆ ನಮ್ಮ ಕಡೆ ಮೇಷ್ಟ್ರಾದರು, ಗುಮಾಸ್ತರಾದರು. ನನ್ನ ಜೊತೆ ಲೆಕ್ಕ ಬರೆದವರಲ್ಲೂ ಇಬ್ಬರಿದ್ದರು. ಉಂಡ ತಟ್ಟೆಯನ್ನು ತಾವೇ ತೊಳೆಯುವ ಅಭ್ಯಾಸ ಅವರಿಗೆ ಕೊನೆವರೆಗೂ ಹೋಗಲಿಲ್ಲ.

ಈಗ ಧಾರಣೆ ಆನ್‌ಲೈನ್ ಟೆಂಡರಿನಲ್ಲಿ ಗೊತ್ತಾಗುತ್ತದೆ, ತೂಕ ಎಲೆಕ್ಟ್ರಾನಿಕ್ ಯಂತ್ರದಲ್ಲಿ ಆಗುತ್ತದೆ. ಅದು ಒಳ್ಳೆಯದೇ. ಯಜಮಾನರು ಹೋದ ಮೇಲೆ ಆ ಕಬ್ಬಿಣದ ಕಲ್ಲುಗಳಲ್ಲಿ ಒಂದನ್ನು ಅವರ ಮನೆಯವರು ನನಗೆ ಕೊಟ್ಟರು, ಐದು ಕಿಲೋದ್ದು. ಇಂದು ಅಂಗಡಿ, ಕಚೇರಿ, ಕಾರ್ಖಾನೆ ತೆರೆಯುವ ಮಕ್ಕಳಿಗೆ ನನ್ನದು ಒಂದೇ ಮಾತು: ಪೂಜೆ ಖಂಡಿತ ಮಾಡಿ. ಮಾಡಿದ ಮೇಲೆ ನಿಮ್ಮ ತಕ್ಕಡಿಯನ್ನು ನಿಮ್ಮ ಆಳಿಗೂ ರೈತನಿಗೂ ತೋರಿಸಿ, ಅವರು ಸಮ ಇದೆ ಅಂದಮೇಲೆ ವ್ಯಾಪಾರ ಶುರು ಮಾಡಿ.